ಮುಳ್ಳಪ್ಪನ ಮರಳು

ಮೇಘಶ್ರೀ ಡೆಂಗಿಯಿಂದ ತೀರಿಕೊಂಡ ಮೇಲೆ ಚನ್ನಗಿರಿಯ ಮನೆಯಲ್ಲಿ ಅವಳದೆಂದು ಉಳಿದ ಜೀವ ಮುಳ್ಳಪ್ಪ ಒಂದೇ. ಅದೊಂದು ಬಿಯರ್ಡೆಡ್ ಡ್ರ್ಯಾಗನ್, ಗದ್ದದ ಕೆಳಗೆ ಮುಳ್ಳಿನ ಗಡ್ಡವಿರುವ ಮೊಳದುದ್ದದ ಓತಿ. ಅದರ ಗಾಜಿನ ಪೆಟ್ಟಿಗೆಗೆ ಅವಳೇ ಹೊನ್ನಾಳಿಯ ಹೊಳೆಯಿಂದ ಮರಳು ತಂದು, ಜರಡಿ ಹಿಡಿದು ಹಾಸಿದ್ದಳು. ದಿನಾ ಬೆಳಿಗ್ಗೆ ಅಂಗೈಯಿಂದ ಸವರಿ ಮಟ್ಟ ಮಾಡುತ್ತಿದ್ದಳು.

ಅಪ್ಪ ಶಿವಮೂರ್ತಪ್ಪ ಅಡಿಕೆ ವ್ಯಾಪಾರಿ. ಮೊದಲು ಆ ಪ್ರಾಣಿಯ ಹತ್ತಿರ ಸುಳಿಯದವರು ಈಗ ಮಂಡಿಗೆ ಹೋಗುವ ಮುಂಚೆ ಸೊಪ್ಪು, ಹುಳು ಹಾಕತೊಡಗಿದರು. ಯಾವಾಗ ನೋಡಿದರೂ ಮರಳು ಮಟ್ಟವಾಗಿರುತ್ತಿತ್ತು. ಓತಿ ಕೆದರಿದ ಗುರುತಿಲ್ಲ, ಬೆರಳು ಹಾದುಹೋದ ಗೆರೆಗಳಷ್ಟೇ. ಹೆಂಡತಿ ಸಿದ್ದಲಿಂಗಮ್ಮ ಸವರುತ್ತಿರಬೇಕೆಂದು ಸುಮ್ಮನಿದ್ದರು. ಒಂದು ದಿನ ಮಾತ್ರ ಹೆಂಡತಿಗೆ, ಮರಳು ಸವರುವಾಗ ಪೆಟ್ಟಿಗೆಯ ಕಾವಿನ ಬಲ್ಬು ಕೈ ಸುಟ್ಟೀತು, ಹುಷಾರು ಎಂದರು.

ಸಿದ್ದಲಿಂಗಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದರು. "ನಾನೆಲ್ಲಿ ಮುಟ್ಟೀನಿ? ನೀವು ಸವರ್ತೀರಿ ಅನ್ಕಂಡಿದ್ದೆ."

ಆಮೇಲೆ ಬೆಳಗಾದರೆ ಇಬ್ಬರೂ ಒಟ್ಟಿಗೇ ಮಗಳ ಕೋಣೆಗೆ ಹೋಗಿ ಮರಳು ನೋಡುತ್ತಿದ್ದರು. ಸಿದ್ದಲಿಂಗಮ್ಮ ರಾತ್ರಿ ಆ ಕೋಣೆಯ ಬಾಗಿಲಿಗೆ ಚಿಲಕ ಹಾಕುವುದನ್ನು ಬಿಟ್ಟರು.

ಅಷ್ಟರಲ್ಲಿ ಮುಳ್ಳಪ್ಪ ತಿನ್ನುವುದನ್ನು ಬಿಟ್ಟಿತು, ಹೊಟ್ಟೆ ಉಬ್ಬಿತು. ಶಿವಮೊಗ್ಗದ ಪಶುವೈದ್ಯೆ ಎಕ್ಸ್‌ರೇ ತೆಗೆದು, ಆಹಾರದ ಜೊತೆ ಮರಳು ಒಳಗೆ ಸೇರಿ ಕರುಳು ಕಟ್ಟಿದೆ ಎಂದರು. ಔಷಧಿ ಕೊಟ್ಟು, ದಿನಾ ಉಗುರುಬೆಚ್ಚನೆ ನೀರಿನಲ್ಲಿ ಕೂರಿಸಲು ಹೇಳಿದರು. ಮರಳನ್ನು ಮಾತ್ರ ಇವತ್ತೇ ತೆಗೆಯಬೇಕು. ಅಡಿಕೆ ಸಿಪ್ಪೆ ಹಾಸಬಹುದಾ ಎಂದು ಶಿವಮೂರ್ತಪ್ಪ ಕೇಳಿದರು. ಅದೂ ಬೇಡ, ಚೂರು ನುಂಗಿದರೆ ಇದೇ ಗತಿ, ಒದ್ದೆಯಾದರೆ ಬೂಷ್ಟು ಹಿಡಿಯುತ್ತದೆ. ಕಾಗದ ಹಾಸಿ, ಇಲ್ಲವೇ ಉಗುರಿಗೆ ಹಿಡಿತ ಸಿಗುವಂಥ ಒರಟು ಟೈಲ್ಸ್ ಕೂರಿಸಿ ಎಂದರು.

ಮನೆಗೆ ಬಂದ ಮೇಲೂ ಶಿವಮೂರ್ತಪ್ಪ ಪೆಟ್ಟಿಗೆಗೆ ಕೈಹಾಕಲಿಲ್ಲ. ಒಳ್ಳೆ ಟೈಲ್ಸ್ ಸಿಗಲಿ ಎನ್ನುತ್ತ ಕುಳಿತರು. ಕೊನೆಗೆ ಸಿದ್ದಲಿಂಗಮ್ಮನೇ ಬಕೆಟ್ ತಂದಿಟ್ಟರು.

"ಮರಳು ಇದ್ರೆ ಅವಳು ಬರ್ತಾಳೆ ಅಂತ ನಿಮ್ಮ ಮನಸ್ನಾಗೂ ಐತೆ, ನನ್ನ ಮನಸ್ನಾಗೂ ಐತೆ. ಇದು ಸತ್ರೆ ಯಾರನ್ನ ನೋಡಾಕೆ ಬರ್ತಾಳೆ ಹೇಳ್ರಿ?"

ಇಬ್ಬರೂ ಸೇರಿ ಬೊಗಸೆಯಲ್ಲಿ ತೋಡಿದರು. ಬಲ್ಬಿನ ಕೆಳಗೆ ಬಿಸಿಯಾಗಿರಬೇಕಿದ್ದ ಮರಳು ಹೊಳೆಯ ತಳದ ಮರಳಿನ ಹಾಗೆ ತಣ್ಣಗಿತ್ತು. ಶಿವಮೂರ್ತಪ್ಪ ಅದನ್ನು ಹೊನ್ನಾಳಿಗೆ ಒಯ್ದು ನೀರಿಗೆ ಸುರಿದರು. ಬರುವಾಗ ಒರಟು ಟೈಲ್ಸ್ ಅಳತೆಗೆ ಕೊಯ್ಯಿಸಿ ತಂದರು.

ವಾರದೊಳಗೆ ಮುಳ್ಳಪ್ಪನ ಹೊಟ್ಟೆ ಸಡಿಲಾಯಿತು, ಕುಂಬಳಕಾಯಿ ತುರಿ ತಿಂದಿತು. ಟೈಲ್ಸ್ ಮೇಲೆ ಯಾವ ಗುರುತೂ ಮೂಡಲಿಲ್ಲ. ಅದು ಶಿವಮೂರ್ತಪ್ಪನಿಗೆ ಮಗಳು ಎರಡನೇ ಸಲ ಹೋದಂತೆ ಕಂಡಿತು.

ಒಂದು ಬೆಳಿಗ್ಗೆ ಸಿದ್ದಲಿಂಗಮ್ಮ ಟೈಲ್ಸ್ ಒರೆಸುತ್ತಿದ್ದಾಗ ಮುಳ್ಳಪ್ಪ ತಲೆಯೆತ್ತಿತು. ಬಾಗಿಲಿನಿಂದ ಕಿಟಕಿಯವರೆಗೆ, ಯಾರೋ ನಡೆದು ಹೋಗುವುದನ್ನು ನೋಡುವ ಹಾಗೆ, ನಿಧಾನಕ್ಕೆ ಕತ್ತು ಹೊರಳಿಸಿ ಅಲ್ಲೇ ನೋಟ ನಿಲ್ಲಿಸಿತು. ಬಾಗಿಲಲ್ಲಿ ನಿಂತಿದ್ದ ಶಿವಮೂರ್ತಪ್ಪ, ಬಂದವಳಿಗೆ ಅಡ್ಡವಾಗಬಾರದೆಂದು, ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಸಿದ್ದಲಿಂಗಮ್ಮ ತಿರುಗಿ ನೋಡಲಿಲ್ಲ. ಬಟ್ಟೆ ಹಿಂಡಿ, ಟೈಲ್ಸಿನ ಉಳಿದ ಅರ್ಧವನ್ನೂ ಒರೆಸಿದರು.