ಪುಷ್ಪಲತಾ ಮಾರದ ಎಣ್ಣೆ

ಪುಷ್ಪಲತಾ ಬ್ಯಾಡಗಿಯಲ್ಲಿ ಖಾರ ಕುಟ್ಟುವ ಗಿರಣಿ ನಡೆಸುತ್ತಿದ್ದಳು. ಬಿಡುವಾದಾಗ ಚಟ್ನಿಪುಡಿ ಮಾಡುವ ವಿಡಿಯೊ ತೆಗೆದು ಫೋನಿನಲ್ಲಿ ಹಾಕುತ್ತಿದ್ದಳು. ನೋಡುವವರು ಕಡಿಮೆ, ಅವರಲ್ಲೂ ಅರ್ಧ ಜನ ಬೀಗರು.

ಒಂದು ಬೆಳಿಗ್ಗೆ ಗಿರಣಿ ತೆರೆಯಲು ಬಂದರೆ, ಕುಪ್ಪೇಲೂರಿನ ಮೂವರು ಹೆಂಗಸರು ಕಟ್ಟೆಯ ಮೇಲೆ ಮೊಣಕಾಲು ತಿಕ್ಕಿಕೊಳ್ಳುತ್ತ ಕೂತಿದ್ದರು.

"ಎಣ್ಣಿ ಕೊಡ್ರಿ," ಎಂದಳು ಒಬ್ಬಳು.

"ಇದು ಖಾರದ ಗಿರಣಿ ಐತ್ರಿ."

ಆಕೆ ಫೋನು ತೋರಿಸಿದಳು. ಅದರಲ್ಲಿ ಪುಷ್ಪಲತಾಳೇ ಹಸಿರು ಬಾಟಲಿ ಹಿಡಿದು ನಿಂತಿದ್ದಳು. ಅದೇ ಮುಖ, ಅದೇ ದನಿ. "ನನ್ನ ಪ್ರೀತಿಯ ಅತ್ತೆಯವರಿಗೆ ನಡೆಯಲು ಆಗುತ್ತಿರಲಿಲ್ಲ. ಈ ತೈಲ ಹಚ್ಚಿದೆ. ಈಗ ಅವರು ಓಡುತ್ತಾರೆ," ಎನ್ನುತ್ತಿದ್ದಳು. ಕೆಳಗೆ ಹಣ ಕಳಿಸಲು ಲಿಂಕ್ ಇತ್ತು.

ಪುಷ್ಪಲತಾ ಫೋನು ಇಸಿದುಕೊಂಡು ಇನ್ನೊಮ್ಮೆ ನೋಡಿದಳು. "ಇದು ನಾನಲ್ಲರಿ. ಯಾರೋ ನನ್ನ ಮುಖಾ ಕದ್ದು ಎಐನಾಗ ಮಾಡ್ಯಾರ. ಲಿಂಕ್ ಒತ್ತಬ್ಯಾಡ್ರಿ."

ಮಾಲು ಮುಗಿದಿರಬೇಕು ಎಂದುಕೊಂಡ ಹೆಂಗಸರು, "ನಾಳಿ ಬರ್ತೇವಿ ತೊಗೋರಿ," ಎಂದು ಎದ್ದುಹೋದರು.

ಮಧ್ಯಾಹ್ನ ಮನೆಗೆ ಹೋದರೆ ಅತ್ತೆ ಸೋಮವ್ವ ಮುಖ ತಿರುಗಿಸಿ ಕೂತಿದ್ದಳು. "ಊರಿಗೆಲ್ಲಾ ಎಣ್ಣಿ ಹಂಚತೀ. ನಾ ಮನ್ಯಾಗ ಗ್ವಾಡಿ ಹಿಡಕೊಂಡು ಅಡ್ಡಾಡತೇನಿ."

"ಅತ್ತೀ, ಅದು ಸುಳ್ಳ ವಿಡಿಯೊ. ನೀವು ಓಡತೀರೇನ್ರಿ?"

ಸೋಮವ್ವ ತುಸು ಯೋಚಿಸಿದಳು. "ಓಡಂಗಿಲ್ಲ, ಖರೇ. ಆದ್ರ ಅದ್ರಾಗಿನ ಸೊಸಿ ಭಾಳ ಚಲೋ ಅದಾಳ. ಎಷ್ಟ ಮರ್ಯಾದಿಲೆ ಮಾತಾಡ್ತಾಳ."

ಗಂಡ ವಿಜಯಮಹಾಂತೇಶ ಹೆಂಡತಿಯನ್ನು ಪೊಲೀಸ್ ಠಾಣೆಗೆ ಕರೆದೊಯ್ದ. ಪೊಲೀಸರು ದೂರು ಬರೆದುಕೊಂಡರು, ವಿಡಿಯೊ ತೆಗೆಸಲು ಕಂಪನಿಗೆ ವರದಿ ಮಾಡಿಸಿದರು. ಯಾರಾದರೂ ರೊಕ್ಕ ಹಾಕಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ ೧೯೩೦ಕ್ಕೆ ಫೋನು ಮಾಡಲಿ ಎಂದರು.

ಸಂಜೆ ಪುಷ್ಪಲತಾ ಇದನ್ನೆಲ್ಲ ತಾನೇ ವಿಡಿಯೊ ಮಾಡಿ ಹೇಳಿದಳು. ಕೆಳಗೆ ಜನ ಬರೆದರು: "ಇದ ಸುಳ್ಳು. ಖರೇ ಪುಷ್ಪಲತಾ ನಗ್ತಾಳ." "ಎಣ್ಣಿ ವಿಡಿಯೊದಾಗ ಬೆಳ್ಳಗ ಅದಾರ. ಈಕಿ ಎಐ."

ಮರುದಿನ ಕಟ್ಟೆ ತುಂಬಿತು. ನಡುವೆ ರಾಣೆಬೆನ್ನೂರಿನಿಂದ ರೈಲಿನಲ್ಲಿ ಬಂದ ಅಮೀರಬಿ ಎಂಬ ಮುದುಕಿ ಎದ್ದು ನಿಂತಳು.

"ನೋಡವಾ, ಕಣ್ಣಾರೆ ನೋಡದ ನಾ ಯಾರಿಗೂ ಫೋನಿನ್ಯಾಗ ರೊಕ್ಕ ಹಾಕಂಗಿಲ್ಲ. ಆ ಓಡೋ ಅತ್ತೀನ್ನ ಮೊದಲ ತೋರಸು."

ಪುಷ್ಪಲತಾಳಿಗೆ ಹೋದ ಜೀವ ಬಂದಂತಾಯಿತು. "ಬರ್ರಿ ಎಲ್ಲಾರೂ," ಎಂದು ಗಿರಣಿಗೆ ಕೀಲಿ ಹಾಕಿ, ಕುಂಟುತ್ತ ಬಂದವರನ್ನೆಲ್ಲ ಮನೆಗೆ ಕರೆದೊಯ್ದಳು. ವಿಜಯಮಹಾಂತೇಶ ಫೋನು ಹಿಡಿದು ಚಿತ್ರೀಕರಿಸತೊಡಗಿದ.

ಸೋಮವ್ವ ಮಂಚದಿಂದ ಎದ್ದಳು, ಕೂತಳು, ಮತ್ತೆ ಎದ್ದಳು. ಗೋಡೆ ಹಿಡಿದಳು. ಬಾಗಿಲಿಗೆ ಬರುವಷ್ಟರಲ್ಲಿ ಅಂಗಳದಲ್ಲಿದ್ದವರಿಗೆಲ್ಲ ಚಹಾ ಕುಡಿದು ಮುಗಿದಿತ್ತು.

"ನೀವ ಓಡತೀರಂತಲ್ಲ," ಎಂದಳು ಅಮೀರಬಿ.

"ಯಾಂವ ಹೇಳ್ಯಾನ? ಅವನ್ನ ಕರಕೊಂಡ ಬರ್ರಿ. ಅವನ ಬೆನ್ನ ಹಿಂದ ಅಷ್ಟ ಓಡತೇನಿ, ಬಡಿಗಿ ಹಿಡಕೊಂಡು. ನನ್ನ ಸೊಸಿಗೆ ಸ್ವಂತ ತಲಿಗೆ ಎಣ್ಣಿ ಹಚ್ಚಾಕ ಪುರಸೊತ್ತಿಲ್ಲ, ನಿಮ್ಮ ಕಾಲಿಗೆ ಎಲ್ಲಿಂದ ತರತಾಳ?"

ಆ ಬೈಗುಳವನ್ನು ಯಾವ ಯಂತ್ರವೂ ಹುಟ್ಟಿಸಲಾರದು ಎಂದು ಅಂಗಳದಲ್ಲಿದ್ದವರೂ ಆಮೇಲೆ ಫೋನಿನಲ್ಲಿ ನೋಡಿದವರೂ ಒಪ್ಪಿದರು. ಕುಪ್ಪೇಲೂರಿನ ಒಬ್ಬಳು ಹಿಂದಿನ ರಾತ್ರಿ ಲಿಂಕ್ ಒತ್ತಿ ರೊಕ್ಕ ಹಾಕಿದ್ದೇನೆಂದು ಅಳುಮುಖ ಮಾಡಿದಳು. ವಿಜಯಮಹಾಂತೇಶ ಅಲ್ಲೇ ೧೯೩೦ಕ್ಕೆ ಫೋನು ಹಚ್ಚಿಕೊಟ್ಟ. ಅವಳ ರೊಕ್ಕ ಕಳ್ಳರ ಕೈ ಸೇರುವ ಮೊದಲೇ ತಡೆದರು. ವಾರದೊಳಗೆ ಎಣ್ಣೆಯ ವಿಡಿಯೊ ಕಾಣೆಯಾಯಿತು.

ಅಮೀರಬಿ ಮಾತ್ರ ಸಂಜೆಯವರೆಗೂ ಸೋಮವ್ವನ ಮಂಚ ಬಿಡಲಿಲ್ಲ. ಮುಂದಿನ ವಾರ ಇಬ್ಬರೂ ಕೂಡಿ ರಾಣೆಬೆನ್ನೂರಿನ ಎಲುಬಿನ ಡಾಕ್ಟರ ಹತ್ತಿರ ಹೋದರು. ದಿನಾ ಸ್ವಲ್ಪ ನಡೆಯಿರಿ ಎಂದು ಅವರು ಹೇಳಿದ್ದಕ್ಕೆ, ಇಬ್ಬರೂ ಸಿಟ್ಟಾಗಿ, ಪಕ್ಕದ ಓಣಿಯ ಅಮೀರಬಿಯ ಮನೆಗೂ ಆಟೊ ಹತ್ತಿ ಹೋದರು.