ಕಿವಿ ಮೇಸ್ತ್ರಿ

ಆ ಗ್ಯಾರೇಜಿನವನನ್ನು ಎಲ್ಲರೂ ಕರೆಯುತ್ತಿದ್ದದ್ದು ಕಿವಿ ಮೇಸ್ತ್ರಿ ಎಂದೇ. ಗಾಡಿ ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಅದರ ರೋಗ ಹೇಳಿಬಿಡುವ ಕಿವಿ ಅವನದು. ಜಂಬವೂ ಅಷ್ಟಿಷ್ಟಲ್ಲ ಬಿಡಿ. ಇಂಜಿನ್ ಕೇಳುವಾಗ ಕಣ್ಣು ಮುಚ್ಚಿ, ತಲೆ ವಾಲಿಸಿ ನಿಂತನೆಂದರೆ ಸಂಗೀತ ಕಚೇರಿಯೇ ನಡೆಯುತ್ತಿದೆ ಅನ್ನಬೇಕು.

ಅವತ್ತು ಬೆಳಿಗ್ಗೆ ಮಗಳು ತನ್ನ ಹಳೇ ಕಾರನ್ನು ತಂದು ಬಾಗಿಲಲ್ಲಿ ನಿಲ್ಲಿಸಿದಳು.

"ಅಪ್ಪಾ, ಸ್ಟಾರ್ಟ್ ಮಾಡಿದ್ರೆ ಸಾಕು, ಕೀ ಅಂತ ಕಿರುಚ್ಕೊಳ್ಳತ್ತೆ. ಊರೆಲ್ಲ ತಿರುಗಿ ನೋಡತ್ತೆ."

"ಊರು ನೋಡೋದು ನಿನ್ನ ಡ್ರೈವಿಂಗನ್ನ. ಎಲ್ಲಿ, ಸ್ಟಾರ್ಟ್ ಮಾಡು."

ಬಾನೆಟ್ ಎತ್ತಿ ಕಣ್ಣು ಮುಚ್ಚಿ ನಿಂತ. ಇಂಜಿನ್ನಿನ ಗುಡುಗುಡು ಚೆನ್ನಾಗಿಯೇ ಕೇಳಿಸಿತು. ಬೇರೇನೂ ಇಲ್ಲ.

"ಎಲ್ಲೇ ಶಬ್ದ? ಬೆಳಿಗ್ಗೆ ಬೆಳಿಗ್ಗೆನೇ ಅಪ್ಪನ ಕಿವಿ ಮೇಲೆ ಹೂ ಇಡೋಕೆ ಬಂದ್ಯಾ?"

"ತಮಾಷೆ ಸಾಕು ಅಪ್ಪಾ. ಈಗ್ಲೂ ಕಿರುಚ್ತಾ ಇದೆಯಲ್ಲ!"

ಅವನು ನಕ್ಕ. ಅಷ್ಟರಲ್ಲಿ ಎದುರಂಗಡಿಯ ದರ್ಜಿ ಕಿಟಕಿಯಿಂದ ತಲೆ ಹಾಕಿ ಕೂಗಿದ: "ಏ ಪುಣ್ಯಾತ್ಮ, ಆಫ್ ಮಾಡಯ್ಯ ಅದನ್ನ! ಕಿವಿ ತೂತು ಬೀಳ್ತಾ ಇದೆ!"

ಮೇಸ್ತ್ರಿಯ ನಗು ಅಲ್ಲೇ ನಿಂತಿತು. ಹೋದ ತಿಂಗಳು ಬಾಗಿಲ ಬೆಲ್ಲು ಕೆಟ್ಟಿದೆಯೆಂದು ಅವನು ಬಿಚ್ಚಿಕೊಂಡು ಕೂತಿದ್ದಾಗ ಹೆಂಡತಿ, "ಸರಿಯಾಗೇ ಹೊಡ್ಕೊಳ್ತಾ ಇದೆಯಲ್ರೀ" ಎಂದಿದ್ದಳು. ಅವಳ ಮೇಲೇ ರೇಗಿದ್ದ. ಮಾತು ಕೇಳುತ್ತಿತ್ತು, ಸುತ್ತಿಗೆ ಏಟು ಕೇಳುತ್ತಿತ್ತು. ಕೀರಲು ದನಿಗಳು ಮಾತ್ರ ಒಂದೊಂದಾಗಿ, ಹೇಳದೆ ಕೇಳದೆ ಎದ್ದು ಹೋಗಿದ್ದವು. ಅಯ್ಯೋ, ಕಿವಿಯೇ ಕೈಕೊಟ್ಟರೆ ಇನ್ನು ತಾನು ಯಾವ ಮೇಸ್ತ್ರಿ? ಯಾರಿಗೆ ಗೊತ್ತಾದರೂ ಮಗಳಿಗೆ ಗೊತ್ತಾಗಬಾರದು.

"ಆಂ, ಈಗ ಸಿಕ್ತು ನೋಡು," ಎಂದು ಹಸಿ ಸುಳ್ಳು ಹೇಳಿ ನೀರಿನ ಬಾಟಲಿ ಎತ್ತಿಕೊಂಡ.

ತಿರುಗುವ ಬೆಲ್ಟಿನ ಮೇಲೆ ತುಸು ನೀರು ಚಿಮುಕಿಸಬೇಕು. ಕಿರುಚಾಟ ಒಂದು ಗಳಿಗೆ ನಿಂತರೆ ದೋಷ ಬೆಲ್ಟಿನದು, ನಿಲ್ಲದಿದ್ದರೆ ಬೇರಿಂಗಿನದು. ಅದೆಲ್ಲ ಅವನಿಗೆ ನಿದ್ದೆಯಲ್ಲೂ ಗೊತ್ತು. ಆದರೆ ನಿಂತಿತೋ ಇಲ್ಲವೋ ಹೇಳುವವರು ಯಾರು?

"ನೀನು ಇಳಿದು ಈ ಕಡೆ ಬಾ. ಬೆಳಕಲ್ಲಿ ನಿಲ್ಲು."

ಮಗಳು ಬಂದು ಮುಖ ಕಿವುಚಿಕೊಂಡು ನಿಂತಳು. ನೀರು ಬಿದ್ದದ್ದೇ ಅವಳ ಹುಬ್ಬು ಸಡಿಲವಾಯಿತು, ಮರುಕ್ಷಣ ಮತ್ತೆ ಗಂಟಿಕ್ಕಿತು.

"ಬೆಲ್ಟು," ಎಂದ ಮೇಸ್ತ್ರಿ. ಸರಿಯಾಗಿಯೇ ಹೇಳಿದ್ದ.

ಕೈಗೇನೂ ಮರೆವಿರಲಿಲ್ಲ. ಇಂಜಿನ್ ಆರಿಸಿ, ಹಳೆಯದನ್ನು ಬಿಚ್ಚಿ, ಹೊಸದನ್ನು ಏರಿಸಿ, ಬಿಗಿದು, ಹೆಬ್ಬೆರಳಿನಿಂದ ಒತ್ತಿ ನೋಡಿದ. ಇಷ್ಟು ಸಾಕೋ ಇನ್ನೂ ಬಿಗಿಯಬೇಕೋ, ಅದನ್ನು ಶಬ್ದವೇ ಹೇಳಬೇಕಿತ್ತು. ತಾನೇ ಕೀ ತಿರುಗಿಸಿ ಬಂದು, ಮಗಳನ್ನು ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಿದ.

"ನನ್ನನ್ಯಾಕೆ ಅಪ್ಪಾ ನಿಲ್ಲಿಸ್ತೀಯ?"

"ನಿಲ್ಲು ಅಂದ್ರೆ ನಿಲ್ಲು."

ಗ್ಯಾರೇಜಿನಲ್ಲೇ ಆಡಿ ಬೆಳೆದವಳು ಅವಳು. ಅವಳಿಗೆ ಕಂಡಿತು: ಅಪ್ಪನ ಕಣ್ಣುಗಳು ಈಗ ಮುಚ್ಚಿಲ್ಲ. ಅಗಲವಾಗಿ ತೆರೆದುಕೊಂಡು ಇಂಜಿನ್ನನ್ನಲ್ಲ, ತನ್ನ ಮುಖವನ್ನು ತಡಕುತ್ತಿವೆ.

"ಅಪ್ಪಾ... ನಿಂಗೆ ಕೇಳಿಸ್ತಾ ಇಲ್ವಾ?"

"ಯಾರೇ ಹಾಗಂದಿದ್ದು?" ಎಂದು ಗದರಿದ. ದನಿ ಮಾತ್ರ ಮೇಲೇಳಲಿಲ್ಲ.

ಅವಳ ಹುಬ್ಬು ಗಂಟಿಕ್ಕಿತು, ತುಟಿ ಸೊಟ್ಟಗಾಯಿತು, ಕಣ್ಣಲ್ಲಿ ನೀರು ತುಂಬಿತು. ಮೇಸ್ತ್ರಿ ನೋಡಿದ, ಮತ್ತೆ ಮತ್ತೆ ನೋಡಿದ. ಅಳುವ ಮುಖದಲ್ಲಿ ಕಾರಿನ ಸುದ್ದಿ ಎಲ್ಲಿಂದ ಸಿಗಬೇಕು? ಕಿರುಚಾಟ ಇನ್ನೂ ಇದೆಯೋ, ಮಗಳ ಸಂಕಟವೇ ಹಾಗೆ ಕಾಣುತ್ತಿದೆಯೋ ಅವನಿಗೆ ತಿಳಿಯಲಿಲ್ಲ. ಇಂಜಿನ್ ಓಡುತ್ತಲೇ ಇತ್ತು.

"ನಿಂತಿದೆಯೇನೇ, ಮಗಳೇ?" ಎಂದು ಕೊನೆಗೆ ಕೇಳಿಯೇಬಿಟ್ಟ.

ಅವಳು ಕಣ್ಣೊರೆಸಿಕೊಂಡು ಅವನ ಹತ್ತಿರ ಬಂದಳು.

"ನಿಂತಿದೆ ಅಪ್ಪಾ," ಎಂದಳು. ಒಂದೊಂದೇ ಅಕ್ಷರ ಬಿಡಿಸಿ, ಜೋರಾಗಿ, ಬೀದಿಗೆಲ್ಲ ಕೇಳುವಂತೆ.