ಮೇ ಹದಿನಾಲ್ಕರ ಮೊಹರು

“ಸ್ರೆಬರ್ನಾ ಯಾರ್ರೀ ಇಳಿಯೋರು?” ಎಂದು ಚಾಲಕ ಕೂಗುವಷ್ಟರಲ್ಲಿ ನೆದ್ಯಾಲ್ಕಾ ಎದ್ದು ಬಾಗಿಲ ಪಕ್ಕದ ಕಂಬಿ ಹಿಡಿದು ನಿಂತಾಗಿತ್ತು. ಬೆಳಗಿನಿಂದ ಇದು ಮೂರನೆಯ ಬಸ್ಸು. ಕೂತು ಕೂತು ಮಂಡಿಗಳು ಕೊರಡಾಗಿದ್ದವು.

“ಎಲ್ಲಿಂದ ಬಂದ್ರಿ ಅಮ್ಮಾ?”

“ಗಾಬ್ರೊವೊ.”

“ಓಹೋ! ಹಾಗಾದ್ರೆ ಬೆಕ್ಕಿನ ಬಾಲ ಕತ್ತರಿಸಿಟ್ಟೇ ಬಂದಿರ್ತೀರಿ.”

ಬೆಕ್ಕು ಒಳಗೆ ಬರುವಾಗ ಬಾಗಿಲು ಬೇಗ ಮುಚ್ಚಲಿ, ಒಲೆಯ ಬಿಸಿ ಹೊರಗೆ ಹೋಗದಿರಲಿ ಎಂದು ಗಾಬ್ರೊವೊದ ಜಿಪುಣರು ಅದರ ಬಾಲ ಕತ್ತರಿಸುತ್ತಾರಂತೆ. ಅರವತ್ತಾರು ವರ್ಷದಿಂದ ಅವಳು ಕೇಳುತ್ತ ಬಂದ ನಗೆಮಾತು. “ಬಾಲ ಒಂದೇ ಏನಪ್ಪ, ಈ ವರ್ಷ ಮೀಸೇನೂ ಕತ್ತರಿಸಿದೀವಿ,” ಎಂದಳು.

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಚಾಲಕ ಅವಳ ಚೀಲ ಇಳಿಸಿಕೊಟ್ಟ. “ಐದೂವರೆಗೆ ಇದೇ ಬಸ್ಸು ವಾಪಸ್ ಬರುತ್ತೆ. ಅದು ಬಿಟ್ರೆ ಇನ್ನಿಲ್ಲ. ಹೆಜ್ಜಾರ್ಲೆ ನೋಡ್ತಾ ಮೈಮರೀಬೇಡಿ.”

“ನಾನು ಹಕ್ಕಿ ನೋಡೋಕೆ ಬಂದಿಲ್ಲ,” ಎಂದು ನೆದ್ಯಾಲ್ಕಾ ಹೇಳಿದಾಗ ಬಸ್ಸು ಹೊರಟೇಬಿಟ್ಟಿತ್ತು.

ಅವಳ ಕೈಚೀಲದಲ್ಲಿ ಗಂಡ ಗಾಂಚೊನ ಪುಸ್ತಕವಿತ್ತು. ನಾಡಿನ ಪ್ರವಾಸಿ ತಾಣಗಳ ಹೆಸರು ಅಚ್ಚಾದ, ಅಂಗೈಯಗಲದ ಪುಸ್ತಕ. ಹೋದಲ್ಲೆಲ್ಲ ಒಂದೊಂದು ಮೊಹರು ಒತ್ತಿಸಿಕೊಳ್ಳಬೇಕು. ಗಂಡ ಹೆಂಡತಿ ಇಬ್ಬರೂ ಬಟ್ಟೆ ಗಿರಣಿಯಲ್ಲಿ ದುಡಿದವರು. ಗಿರಣಿ ಮುಚ್ಚಿದ ಮೇಲೆ ಪ್ರತಿ ಬೇಸಿಗೆ ಹಳೆಯ ಲಾಡಾ ಕಾರಿನಲ್ಲಿ ಟೊಮೆಟೊ, ಬೇಯಿಸಿದ ಮೊಟ್ಟೆ ಕಟ್ಟಿಕೊಂಡು ಹೊರಡುತ್ತಿದ್ದರು. ರೀಲಾ ಮಠ, ಬೆಲೊಗ್ರಾದ್ಚಿಕ್‌ನ ಕೆಂಪು ಬಂಡೆಗಳು, ಶಿಪ್ಕಾದ ಮೆಟ್ಟಿಲುಗಳು. ಮೆಟ್ಟಿಲು ಹತ್ತುವಾಗ ಅವಳು ಬೈಯುವಳು, ಅವನು ಮುಂದೆ ಮುಂದೆ ಹೋಗಿ ಮೊಹರಿನ ಕಿಟಕಿಯ ಬಳಿ ನಿಂತು ಕೈಬೀಸುವನು. ಒತ್ತಿದ ಪ್ರತಿ ಮೊಹರಿನ ಕೆಳಗೆ ಪೆನ್ಸಿಲಿನಲ್ಲಿ ತಾರೀಕು ಬರೆಯುವನು.

ಹೋದ ಅಕ್ಟೋಬರಿನಲ್ಲಿ ಅವನು ತೀರಿಕೊಂಡ. ಚಳಿಗಾಲವಿಡೀ ಪುಸ್ತಕ ಮುಟ್ಟಲು ಅವಳಿಗೆ ಮನಸ್ಸಾಗಲಿಲ್ಲ. ಈಸ್ಟರ್ ಕಳೆದ ಮೇಲೆ ಒಂದು ಮಧ್ಯಾಹ್ನ ಸುಮ್ಮನೆ ಹಾಳೆ ತಿರುವುತ್ತಿದ್ದಾಗ ಕಂಡಿತು: ಸ್ರೆಬರ್ನಾದ ಮೊಹರು. ಕೆಳಗೆ ಅವನದೇ ಅಕ್ಷರದಲ್ಲಿ ಮೇ ಹದಿನಾಲ್ಕು, ಹೋದ ವರ್ಷದ್ದು. ಅವರಿಬ್ಬರೂ ಸ್ರೆಬರ್ನಾಕ್ಕೆ ಯಾವತ್ತೂ ಹೋಗಿರಲಿಲ್ಲ.

ಮೇ ಹದಿನಾಲ್ಕು ಅವಳಿಗೆ ಚೆನ್ನಾಗಿ ನೆನಪಿತ್ತು. ಹೊಟ್ಟೆನೋವಿನ ಪರೀಕ್ಷೆಗೆಂದು ಗಾಂಚೊ ಹಿಂದಿನ ದಿನವೇ ರೂಸೆ ನಗರದ ಆಸ್ಪತ್ರೆಗೆ ಹೋಗಿದ್ದ. ಪರೀಕ್ಷೆ ಎರಡು ದಿನ ಆಗುತ್ತದೆ, ನೀನು ಬರಬೇಡ, ಮಂಡಿ ನೋವು ಬೇರೆ ಎಂದಿದ್ದ. ಹದಿನೈದರ ಬೆಳಿಗ್ಗೆ ಶಿಳ್ಳೆ ಹಾಕುತ್ತ ಮನೆಗೆ ಬಂದ. “ಹುಣ್ಣಂತೆ ಕಣೇ, ಅಷ್ಟೇ. ಮಾತ್ರೆ ಕೊಟ್ಟಿದಾರೆ,” ಎಂದ. ಎರಡು ತಟ್ಟೆ ಹುರುಳಿಕಾಯಿ ತಿಂದ. ಹಾಗಾದರೆ ಹದಿನಾಲ್ಕರಂದು ಇಷ್ಟು ದೂರ ಯಾರ ಜೊತೆ ಬಂದಿದ್ದ? ಮೂರು ವಾರ ಆ ಪ್ರಶ್ನೆ ಅವಳಿಗೆ ನಿದ್ದೆ ಕೊಟ್ಟಿರಲಿಲ್ಲ.

ಸರೋವರದ ದಂಡೆಯ ಮೇಲಿನ ಹಕ್ಕಿಗಳ ಸಂಗ್ರಹಾಲಯದಲ್ಲಿ ಸಂಜೆ ನಾಲ್ಕೂವರೆಯ ಹೊತ್ತಿಗೆ ಬೇರೆ ಯಾರೂ ಇರಲಿಲ್ಲ. ಟಿಕೆಟ್ಟಿನ ಮೇಜಿನ ಹಿಂದೆ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಸೂರ್ಯಕಾಂತಿ ಬೀಜ ಬಿಡಿಸುತ್ತ ಕೂತಿದ್ದಳು. ಎದೆಯ ಮೇಲಿನ ಚೀಟಿಯಲ್ಲಿ ಮಿನ್ಕಾ ಎಂದಿತ್ತು. ನೋಡಲು ಚೆಲುವೆಯೇ. ಇವಳೇ ಇರಬಹುದೇ?

ಗಂಡ ಹೋಗಿ ಆರು ತಿಂಗಳಾದಾಗ ಮನೆಬಾಗಿಲಿಗೂ ಬೀದಿಯ ಕಂಬಗಳಿಗೂ ಊರ ರೂಢಿಯಂತೆ ಅಂಟಿಸಿದ್ದ ಶ್ರದ್ಧಾಂಜಲಿಯ ಕಾಗದದ ಒಂದು ಪ್ರತಿಯನ್ನು ಅವಳು ಮಡಿಸಿ ತಂದಿದ್ದಳು. ಕಪ್ಪು ಅಂಚು, ನಡುವೆ ಗಾಂಚೊನ ಫೋಟೋ. ಅದನ್ನು ಬಿಡಿಸಿ ಮೇಜಿನ ಮೇಲಿಟ್ಟಳು.

“ಇವರು ಗೊತ್ತಾ ನಿಮಗೆ?”

ಮಿನ್ಕಾ ಬೀಜಗಳನ್ನು ಪಕ್ಕಕ್ಕೆ ಸರಿಸಿ ಓದಿದಳು. ಮತ್ತೆ ಮೊದಲಿಂದ ಓದಿದಳು. “ಅಯ್ಯೋ, ಹೋಗ್ಬಿಟ್ರಾ,” ಎಂದವಳು ತಲೆಯೆತ್ತಿ ನೋಡಿದಳು. “ನೀವು ನೆದ್ಯಾ ಅಲ್ವಾ?”

ಆ ಹೆಸರಿನಿಂದ ಅವಳನ್ನು ಕರೆಯುತ್ತಿದ್ದವನು ಅವನೊಬ್ಬನೇ.

“ನಿನಗೆ ಹೇಗೆ ಗೊತ್ತು ನನ್ನ ಹೆಸರು?” ನೆದ್ಯಾಲ್ಕಾಳ ದನಿ ಏರಿತು. “ಯಾರ ಜೊತೆ ಬಂದಿದ್ದ? ನಿಜ ಹೇಳು. ಏನು ಕೇಳೋಕೂ ತಯಾರಾಗೇ ಬಂದಿದೀನಿ.”

“ಕೂತ್ಕೊಳ್ಳಿ ಅಕ್ಕಾ. ಒಬ್ರೇ ಬಂದಿದ್ರು.” ಮಿನ್ಕಾ ತನ್ನ ಕುರ್ಚಿಯನ್ನೇ ತಂದು ಹಾಕಿದಳು. “ಬಾಗಿಲು ತೆಗೆಯೋ ಹೊತ್ತಿಗೆ ಮೆಟ್ಟಿಲ ಮೇಲೆ ಕೂತಿದ್ರು. ಪಿಂಚಣಿಯವರಿಗೆ ಟಿಕೆಟ್ ಕಡಿಮೆ ಇರ್ಬೇಕಲ್ಲಾಂತ ಮೊದಲು ಜಗಳ ಆಡಿದ್ರು. ಆಮೇಲೆ ಆ ದುರ್ಬೀನಿನ ಮುಂದೆ ಕೂತೋರು ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಮೈಗೆ ಹುಷಾರಿಲ್ವಾಂತ ನಾನೇ ಹೋಗಿ ಕೇಳಿದೆ.”

“ಏನಂದ?”

ಮಿನ್ಕಾ ಫೋಟೋದ ಮೇಲೆ ಬಿದ್ದಿದ್ದ ಸಿಪ್ಪೆಯೊಂದನ್ನು ಬೆರಳಿನಿಂದ ತೆಗೆದಳು.

“‘ನಿನ್ನೆ ಡಾಕ್ಟ್ರು ಹೇಳ್ಬಿಟ್ರಮ್ಮ, ಈ ಚಳಿಗಾಲ ನೋಡಲ್ಲಾಂತ. ಹೀಗೇ ಮನೆಗೆ ಹೋದ್ರೆ ನೆದ್ಯಾ ನನ್ನ ಮುಖ ನೋಡಿದ ತಕ್ಷಣ ತಿಳ್ಕೊಂಡ್ಬಿಡ್ತಾಳೆ. ಈ ಬೇಸಿಗೆ ಅವಳಿಗೆ ಸಮುದ್ರ ತೋರಿಸ್ಬೇಕು. ಮುಖ ಸರಿಹೋಗೋ ತನಕ ಇಲ್ಲೇ ಕೂತಿರ್ತೀನಿ,’ ಅಂದ್ರು.”

ಆ ಬೇಸಿಗೆ ಅವರಿಬ್ಬರೂ ಕಾಲಿಯಾಕ್ರಾ ಭೂಶಿರಕ್ಕೆ ಹೋಗಿದ್ದರು. ಗಾಳಿಗೆ ಅವಳ ತಲೆವಸ್ತ್ರ ಹಾರಿ ಸಮುದ್ರದ ಪಾಲಾಗಿತ್ತು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ, ನಗುತ್ತಲೇ ಕಲ್ಲಿನ ಮೇಲೆ ಕೂತುಬಿಟ್ಟಿದ್ದ. ಇಷ್ಟಕ್ಕೆಲ್ಲ ಏನು ನಗು ಎಂದು ಅವಳು ರೇಗಿದ್ದಳು. ನಗುವಿಗೆ ಕೂತನೋ, ನೋವಿಗೆ ಕೂತನೋ? ಇನ್ನು ಯಾರನ್ನು ಕೇಳುವುದು?

“ಮೂವತ್ತೊಂಬತ್ತು ವರ್ಷ ನೋಡಿದ ಮುಖ ಕಣಮ್ಮ,” ಎಂದಳು ಕೊನೆಗೆ. “ನನಗೆ ಗೊತ್ತಾಗ್ಲೇ ಇಲ್ಲ. ಸುಳ್ಳ. ಹಸೀ ಸುಳ್ಳ. ಅವತ್ತು ನಾನು ಮನೇಲಿ ಕೂತು ಕಂಬಳಿ ಒಗೀತಿದ್ದೆ. ಅವನು ಇಲ್ಲಿ ಒಬ್ಬನೇ...” ಕೈಚೀಲದಿಂದ ಪುಸ್ತಕ ತೆಗೆದು ಆ ಹಾಳೆ ತೋರಿಸಿದಳು. “ಹೇಳಬಾರದು ಅಂದೋನು ಮೊಹರು ಯಾಕೆ ಒತ್ತಿಸ್ಕೊಂಡ?”

“ನಾನೂ ಅದನ್ನೇ ಕೇಳ್ದೆ. ಹೆಂಡತಿ ಕಣ್ಣಿಗೆ ಬೀಳಲ್ವಾ ಅಂತ. ‘ಬೀಳಲಿ ಬಿಡಿ, ಒಂದಿನ ಬೈಯೋಕೆ ಅಂತಾನೇ ಇಲ್ಲಿ ತನಕ ಬರ್ತಾಳೆ. ಆಗ ಅವಳೂ ನೋಡ್ಲಿ,’ ಅಂದ್ರು.”

ನೆದ್ಯಾಲ್ಕಾಳಿಗೆ ನಗು ಬಂತು, ಜೊತೆಗೇ ಅಳುವೂ. ಎರಡನ್ನೂ ತಡೆಯಲಿಲ್ಲ. ಮಿನ್ಕಾ ಲೋಟದಲ್ಲಿ ನೀರು ತಂದಿಟ್ಟು, ಏನನ್ನೋ ಹುಡುಕುವವಳಂತೆ ಒಳಗೆ ಹೋದಳು.

ದುರ್ಬೀನು ದೊಡ್ಡ ಕಿಟಕಿಯ ಎದುರಿಗಿತ್ತು. ಪಕ್ಕದಲ್ಲಿ ಬೆನ್ನಿಲ್ಲದ ಮರದ ಪೀಠ. ನೆದ್ಯಾಲ್ಕಾ ಅದರ ಮೇಲೆ ಕೂತು ಒಂದು ಕಣ್ಣು ಮುಚ್ಚಿದಳು. ಮೊದಲು ಬರೀ ಮಸುಕು. ಎಲ್ಲೆಲ್ಲೂ ಆಪು ಹುಲ್ಲು, ಹುಲ್ಲಿನಾಚೆ ನೀರಿನ ಹೊಳಪು.

“ಬಲಗಡೆ ತಿರುಗಿಸಿ ಅಕ್ಕಾ, ಇನ್ನೂ ಸ್ವಲ್ಪ,” ಎಂದಳು ಹಿಂದೆ ಬಂದು ನಿಂತ ಮಿನ್ಕಾ. “ಅವರು ದಿನವಿಡೀ ಆ ಗೂಡುಗಳ ಕಡೆಗೇ ಇಟ್ಕೊಂಡಿದ್ರು.”

ತಿರುಗಿಸಿದಳು. ಒಣಹುಲ್ಲಿನ ದಿಬ್ಬದ ಮೇಲೆ ಬಿಳಿಯ ದೊಡ್ಡ ಹಕ್ಕಿಗಳು ಒತ್ತೊತ್ತಾಗಿ ಕೂತಿದ್ದವು. ಒಂದು ಹೆಜ್ಜಾರ್ಲೆ ಬಾಯಿ ತೆರೆದು ನಿಂತಿತ್ತು. ಅದರ ಕಿತ್ತಳೆ ಚೀಲದೊಳಕ್ಕೆ ಮರಿಯೊಂದು ಕುತ್ತಿಗೆಯ ತನಕ ತಲೆ ತೂರಿಸಿತ್ತು. ಮರಿ ಒದ್ದಾಡಿದಾಗಲೆಲ್ಲ ದೊಡ್ಡದು ಕಾಲೂರಿಕೊಂಡು ಅಲ್ಲಾಡದೆ ನಿಲ್ಲುತ್ತಿತ್ತು.

ದೂರದಲ್ಲಿ, ರಸ್ತೆಯ ತಿರುವಿನಲ್ಲಿ, ಐದೂವರೆಯ ಬಸ್ಸು ಹಾರನ್ ಮಾಡಿತು. ಇನ್ನೊಮ್ಮೆ ಮಾಡಿತು. ಉಸಿರಿಗೆ ಗಾಜು ಮಂಜಾಗಿತ್ತು. ನೆದ್ಯಾಲ್ಕಾ ತೋಳಿನ ಅಂಚಿನಿಂದ ಅದನ್ನು ಒರೆಸಿ ಮತ್ತೆ ಕಣ್ಣಿಟ್ಟಳು.